ಅರೆನುಂಗನ ಗುಡ್ಡದಲ್ಲಿ ನೀಲವ್ವನ ಕತೆ

ಬಲು ಹಿಂದೆ, ಮೋಡಗಳು ಮನೆಯ ಮಾಡಿಗೆ ತಾಗುವಷ್ಟು ಕೆಳಗೆ ಹಾರುತ್ತಿದ್ದ ಕಾಲದಲ್ಲಿ, ನವಿಲುಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಹಾಲೇಶ ಎಂಬ ಹದಿಹರೆಯದ ಹುಡುಗನಿದ್ದ. ಕಬಡ್ಡಿಯಲ್ಲಿ ಅವನನ್ನು ಹಿಡಿದು ನಿಲ್ಲಿಸುವವರು ಇರಲಿಲ್ಲ. ಪುಸ್ತಕ ಕಂಡರೆ ಮಾತ್ರ ಮಾರು ದೂರ ಓಡುತ್ತಿದ್ದ. ಅಕ್ಷರ ಬಾರದವನೇನಲ್ಲ, ಪಾಪ, ಓದು ಹಿಡಿಸದವನು.

ಹಿಡಿಸುವುದಾದರೂ ಹೇಗೆ? ಆ ರಾಜ್ಯದಲ್ಲೊಂದು ಕಟ್ಟಳೆ ಇತ್ತು. ಯಾವ ಕತೆ ಓದಿದರೂ ಮುಗಿದ ಕೂಡಲೇ ಗುರುಗಳ ಮುಂದೆ ಕೈಕಟ್ಟಿ ನಿಂತು ಅದರ ನೀತಿಯನ್ನು ಒಪ್ಪಿಸಬೇಕು. ತಪ್ಪಿದರೆ ಬಸ್ಕಿ. ಹುಡುಗರು ಇದಕ್ಕೊಂದು ಉಪಾಯ ಕಂಡುಕೊಂಡರು. ಕತೆಯನ್ನು ಮುಗಿಸುವುದೇ ಬೇಡ! ಅರ್ಧಕ್ಕೆ ಮಡಚಿಟ್ಟರೆ ನೀತಿಯೂ ಇಲ್ಲ, ಬಸ್ಕಿಯೂ ಇಲ್ಲ.

ಇದರಿಂದ ಕೊಬ್ಬಿದವನು ಗುಡ್ಡದ ಮೇಲಿನ ಮಾಂತ್ರಿಕ ಅರೆನುಂಗ. ಜನ ಓದದೆ ಬಿಟ್ಟ ಅರ್ಧ ಕತೆಗಳೇ ಅವನ ಊಟ.

ಒಂದು ದಿನ ಹಾಲೇಶನ ತಂಡ ಆ ಗುಡ್ಡ ದಾಟಿ ಪಕ್ಕದ ರಾಜ್ಯಕ್ಕೆ ಆಡಲು ಹೊರಟಿತು. ಹಾಲೇಶ ತಡವಾಗಿ ಬಂದಿದ್ದಕ್ಕೆ ಪಾಠಶಾಲೆಯಲ್ಲಿ ಬಸ್ಕಿ ಹೊಡೆಯುತ್ತಿದ್ದುದರಿಂದ ಹಿಂದೆ ಉಳಿದ. ಓಡೋಡಿ ಗುಡ್ಡದ ಬುಡಕ್ಕೆ ಬಂದಾಗ, ಮೇಲೆ ಮಾಂತ್ರಿಕನ ಅಂಗಳದಲ್ಲಿ ಗೆಳೆಯರೆಲ್ಲ ಕಲ್ಲಾಗಿ ನಿಂತಿದ್ದರು. ನಾಯಕ ಕರಿಯಣ್ಣನಂತೂ ಬಾಯಿ ತೆರೆದುಕೊಂಡೇ ಕಲ್ಲಾಗಿದ್ದ.

"ಒಂದೇ ಒಂದು ಕತೆ ಕೊನೇವರೆಗೂ ಹೇಳಿ ದಾಟಿ ಅಂದೆ," ಎಂದು ಮೇಲಿನಿಂದ ಅರೆನುಂಗ ಕೂಗಿದ. "ಒಬ್ಬನಿಗೂ ಬರಲಿಲ್ಲ! ಹುಣ್ಣಿಮೆ ಒಳಗೆ ನೀನು ಬಂದು ಹೇಳಿದ್ರೆ ಬಿಡ್ತೀನಿ. ಇಲ್ದಿದ್ರೆ ಇವರು ಕಲ್ಲಾಗೇ ಇರ್ಲಿ."

ಹಾಲೇಶ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಗುರುಗಳ ಬಳಿಗೆ ಓಡಿದ. ಅವರು 'ಸದಾಚಾರ ಸಾಗರ' ಎಂಬ ದಿಂಬಿನಷ್ಟು ದಪ್ಪದ ಪುಸ್ತಕ ಕೊಟ್ಟರು. ಎರಡನೆಯ ಪುಟಕ್ಕೆ ನಿದ್ದೆ ಬಂತು. ಮುಖ ತೊಳೆದು ಬಂದ, ಮತ್ತೆ ನಿದ್ದೆ ಬಂತು.

ಕೊನೆಗೆ ಅರಮನೆಯ ಪುಸ್ತಕಶಾಲೆಯ ಬಾಗಿಲು ತಟ್ಟಿದ. ಅಲ್ಲಿ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದವಳು ತುಂಗಮ್ಮ ಎಂಬ ಅಜ್ಜಿ.

"ನಂಗೆ ಓದೋಕೆ ಆಗಲ್ಲ ಅಜ್ಜಿ. ನಾನು ದಡ್ಡ," ಎಂದ ಹಾಲೇಶ.

"ಹಾಗಂತ ಯಾರಪ್ಪ ಹೇಳಿದ್ದು? ಹೋಗ್ಲಿ, ನಿಂಗೆ ಇಷ್ಟ ಯಾವುದು?"

"ಕಬಡ್ಡಿ."

ಅಜ್ಜಿ ಮೂಲೆಯ ಕಪಾಟಿನಿಂದ ತೆಳ್ಳನೆಯ ಪುಸ್ತಕವೊಂದನ್ನು ತಂದಳು. ನೀಲವ್ವ ಎಂಬ ಕಬಡ್ಡಿ ಆಟಗಾರ್ತಿಯ ಕತೆ ಅದು.

"ಆಮೇಲೆ ನೀತಿ ಕೇಳ್ತೀರಾ?"

"ಅಯ್ಯೋ, ನಂಗ್ಯಾಕೋ ಮಗಾ ನೀತಿ? ಎಲ್ಲಿ ಖುಷಿಯಾಯ್ತು, ಎಲ್ಲಿ ಸಿಟ್ಟು ಬಂತು, ಅಷ್ಟು ಹೇಳು ಸಾಕು."

ಹಾಲೇಶ ಅಕ್ಷರದ ಕೆಳಗೆ ಬೆರಳಿಟ್ಟು ಓದಿದ. ಮೊದಲು ತಡವರಿಸಿದ. ನೀಲವ್ವ ಉಸಿರು ಕಟ್ಟಿ ಎದುರಾಳಿಗಳ ಅಂಗಳಕ್ಕೆ ನುಗ್ಗಿದಾಗ ಅವನ ಉಸಿರೂ ನಿಂತಿತು. "ಆ ಮೂಲೆಗೆ ಹೋಗ್ಬೇಡ ಕಣೇ!" ಎಂದು ಪುಸ್ತಕವನ್ನೇ ಗದರಿದ. ಅಜ್ಜಿ ತಟ್ಟೆಯಲ್ಲಿಟ್ಟ ಮುದ್ದೆ ಆರಿ ತಣ್ಣಗಾಯಿತು. ಆದರೆ ಕೊನೆಯ ದಾಳಿಯಲ್ಲಿ ಎದುರಾಳಿಯೊಬ್ಬಳು ನೀಲವ್ವನ ಕಾಲು ಹಿಡಿದಳು, ನೀಲವ್ವ ನೆಲಕ್ಕೆ ಬಿದ್ದು ಗೆರೆಯ ಕಡೆ ಕೈಚಾಚಿದಳು. ಸೋತುಬಿಟ್ಟರೆ? ಅದನ್ನು ಓದುವ ಧೈರ್ಯ ಸಾಲದೆ ಹಾಲೇಶ ಪುಸ್ತಕ ಮುಚ್ಚಿಬಿಟ್ಟ.

ಹುಣ್ಣಿಮೆಯ ದಿನ ಬೆಳಗಾಯಿತು. ಬೇರೆ ದಾರಿಯಿರಲಿಲ್ಲ. ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡ್ಡ ಹತ್ತಿದ.

ಮಾಂತ್ರಿಕನ ಅಂಗಳದ ದಾರಿಯ ಮೊದಲ ಬಾಗಿಲಲ್ಲಿ ಬೆಂಕಿ ಕಣ್ಣಿನ ಹುಲಿ ಅಡ್ಡ ಬಂತು. "ಕತೆ ಹೇಳು, ಇಲ್ಲ ಹೊಟ್ಟೆಗೆ ಬಾ," ಎಂದಿತು. ಹಾಲೇಶ ನೀಲವ್ವನ ಮೊದಲ ಪಂದ್ಯದ ಕತೆ ಹೇಳಿದ. ಹುಲಿ ಬೆಕ್ಕಿನಂತೆ ಕಾಲು ಮಡಚಿ ಕೂತಿತು. "ಆಮೇಲೆ?" ಎಂದಿತು. "ಜೊತೆಗೆ ಬಾ, ಹೇಳ್ತೀನಿ," ಎಂದ.

ಎರಡನೆಯ ಬಾಗಿಲಲ್ಲಿ ಮೂರು ಹೆಡೆಯ ಸರ್ಪ ಅಡ್ಡ ಬಂತು. ಹಾಲೇಶ ಅದಕ್ಕೆ ನೀಲವ್ವ ಏಟು ತಿಂದು ಮೂಲೆ ಸೇರಿದ ಕತೆ ಹೇಳಿದ. "ಇದರ ನೀತಿ ಏನು?" ಎಂದು ಒಂದು ಹೆಡೆ ಕೇಳಿತು. "ಸುಮ್ನಿರೇ, ಅವಳು ಅಂಗಳಕ್ಕೆ ಇಳೀತಿದ್ದಾಳೆ!" ಎಂದು ಉಳಿದೆರಡು ಹೆಡೆಗಳು ಗದರಿದವು. ಸರ್ಪವೂ ಹಿಂದೆಯೇ ಹರಿದು ಬಂತು.

ಮೂರನೆಯ ಬಾಗಿಲು ದಾಟಿದರೆ ಅರೆನುಂಗನೇ ಕೂತಿದ್ದ. "ಕೊನೆ ಹೇಳು," ಎಂದ.

ಹಾಲೇಶ ಪುಸ್ತಕ ತೆರೆದು ಓದತೊಡಗಿದ. ಮಾಂತ್ರಿಕ ಅವನ ತಡವರಿಕೆಗೆ ಕಿಸಕ್ಕನೆ ನಕ್ಕ. ಹಾಲೇಶ ಕಬಡ್ಡಿಯಲ್ಲಿ ಮಾಡುವಂತೆ ಎದೆತುಂಬ ಉಸಿರೆಳೆದುಕೊಂಡು ಸಾಲು ಸಾಲಾಗಿ ಮುಂದೆ ಹೋದ. ನೀಲವ್ವನ ಬೆರಳು ಗೆರೆಗೆ ಗೇಣು ದೂರದಲ್ಲಿ ನಿಂತಿತು. ಅವಳ ಉಸಿರು ಮುಗಿಯಿತು.

"ಸೋತಳು! ಮುಚ್ಚು ಪುಸ್ತಕ. ಉಳಿದದ್ದು ನಂದು!" ಎಂದು ಅರೆನುಂಗ ಬಾಯಿ ತೆರೆದ.

ಹಾಲೇಶನ ಕಣ್ಣು ತುಂಬಿ ಅಕ್ಷರಗಳು ಮಂಜಾದವು. ಮುಚ್ಚಿಬಿಡೋಣ ಎಂದೇ ಅನ್ನಿಸಿತು. ಆದರೆ ಇನ್ನೊಂದು ಪುಟ ಉಳಿದಿತ್ತು.

"ಇಲ್ಲ. ಅವಳನ್ನ ಹೀಗೆ ಮಣ್ಣಲ್ಲಿ ಬಿಟ್ಟು ನಾನು ಎದ್ದು ಹೋಗಲ್ಲ," ಎಂದು ಪುಟ ತಿರುಗಿಸಿದ.

ಕಾಲು ಹಿಡಿದಿದ್ದವಳೇ ಕೈಕೊಟ್ಟು ನೀಲವ್ವನನ್ನು ಎಬ್ಬಿಸಿದಳು. ತಂಡದವರು ಬೆನ್ನಿನ ಮಣ್ಣು ಕೊಡವಿದರು. ನೀಲವ್ವ ಮೂಗು ಒರೆಸಿಕೊಂಡು, "ಮತ್ತೆ ಯಾವಾಗ ಆಡೋಣ?" ಎಂದು ಕೇಳಿದಳು. ಕತೆ ಮುಗಿಯಿತು.

ಅರೆನುಂಗನಿಗೆ ತಿನ್ನಲು ಚೂರೂ ಉಳಿಯಲಿಲ್ಲ. ಅವನ ಮೈ ಇಳಿದು ಇಳಿದು ಸಾಮಾನ್ಯ ಮುದುಕನಷ್ಟಾಯಿತು. ಅವನ ಕಣ್ಣಲ್ಲಿ ನೀರಿತ್ತು. "ಯಾರಪ್ಪ ಈ ನೀಲವ್ವ? ಬರೀ ಕೊನೆಗಳನ್ನೇ ತಿಂದವನು ನಾನು. ಯಾರು ಯಾಕೆ ಅಳ್ತಾರೆ, ಯಾಕೆ ನಗ್ತಾರೆ, ಒಂದೂ ತಿಳೀತಿರಲಿಲ್ಲ," ಎಂದ. ಹುಲಿಗೆ ಅವನ ಮೇಲೆ ಕನಿಕರ ಬಂತು. "ಬಾ, ಮೊದಲಿನದ್ದು ನಂಗೊತ್ತು," ಎಂದು ಪಕ್ಕದಲ್ಲಿ ಕೂರಿಸಿಕೊಂಡಿತು.

ಮಾಟ ಕಳಚಿತು. ಮುಂದೆ ಅರಸನು ನೀತಿ ಒಪ್ಪಿಸುವ ಕಟ್ಟಳೆಯನ್ನೇ ರದ್ದು ಮಾಡಿದ. ನವಿಲುಗಿರಿಯ ಮಕ್ಕಳು ಆಡುತ್ತ, ಓದುತ್ತ, ಕತೆಗಾಗಿ ಕಿತ್ತಾಡುತ್ತ ಸುಖವಾಗಿ ಬೆಳೆದರು. ಆದರೆ ಆ ಬೆಳಗ್ಗೆ ಅಂಗಳದಲ್ಲಿ ಕಲ್ಲುಗಳು ಒಂದೊಂದಾಗಿ ಮೈಮುರಿದು ಎದ್ದಾಗ, ತನ್ನನ್ನು ತಬ್ಬಿಕೊಳ್ಳಲು ಬಂದ ಹಾಲೇಶನನ್ನು ಕರಿಯಣ್ಣ ಕೈಯಲ್ಲಿ ತಡೆದ.

"ಅದೆಲ್ಲ ಆಮೇಲೆ. ಕಲ್ಲಾಗಿದ್ದಾಗ ನಮ್ಮ ಕಿವಿಗೆ ಬಿದ್ದಿದ್ದು ಕೊನೆ ಮಾತ್ರ ಕಣೋ," ಎಂದ. "ಕೂತ್ಕೋ. ಮೊದಲಿಂದ ಓದು."