ಕಪ್ಪು ಪುಟ

ನಾನು ಪಾಠ ಮಾಡುವ ಶಾಲೆಯ ಲೈಬ್ರರಿಯನ್‌ಗೆ ಮಕ್ಕಳು ಇಟ್ಟ ಹೆಸರು ‘ಶ್ ಸರ್’. ಯಾರು ಪಿಸುಗುಟ್ಟಿದರೂ ಸರ್ ಬೆರಳು ತುಟಿಗೆ ಹೋಗುತ್ತಿತ್ತು; ನಾನು ಒಳಗೆ ಕಾಲಿಟ್ಟರೆ ಮಾತ್ರ ಕೂದಲು ಸರಿಪಡಿಸಲು ಹೋಗುತ್ತಿತ್ತು. ಅದನ್ನು ನೋಡಲೆಂದೇ ವಾರಕ್ಕೆರಡು ಪುಸ್ತಕ ಒಯ್ಯುತ್ತಿದ್ದೆ.

ಆ ಸೋಮವಾರ ಅವರ ಮೇಜಿನ ಮೇಲೆ ಒಂದೇ ಕಾಮಿಕ್ಸಿನ ಮೂವತ್ತು ಪ್ರತಿಗಳಿದ್ದವು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು.

“ಒಂಬತ್ತನೇ ಕ್ಲಾಸಿಗೆ ಗೊಂಬೆ ಪುಸ್ತಕ ಓದಿಸ್ತೀರಾ?”

“ಗ್ರಾಫಿಕ್ ಆತ್ಮಕಥೆ, ಟೀಚರ್. ಒಬ್ಬರು ತಮ್ಮ ಬದುಕನ್ನೇ ಚಿತ್ರದಲ್ಲಿ ಬರೆದಿದ್ದಾರೆ. ಮೊದಲು ಓದಿ, ಆಮೇಲೆ ಬೈಯಿರಿ.”

ನಕ್ಕರು. ಮಕ್ಕಳೂ ನಕ್ಕರು. ನಾನು ಉರಿದುಹೋದೆ. ಸಂಜೆ ಆಡಳಿತ ಮಂಡಳಿಯ ದೂರು ಪೆಟ್ಟಿಗೆಗೆ ಸಹಿಯಿಲ್ಲದ ಚೀಟಿ ಹಾಕಿದೆ: ‘ಲೈಬ್ರರಿಯಲ್ಲಿ ಮಕ್ಕಳಿಗೆ ಅಸಭ್ಯ ಚಿತ್ರಗಳ ಪುಸ್ತಕ ಕೊಡುತ್ತಿದ್ದಾರೆ.’ ಆ ಪುಸ್ತಕವನ್ನು ನಾನು ತೆರೆದೂ ನೋಡಿರಲಿಲ್ಲ.

ಗುರುವಾರ ಮಂಡಳಿಯವರು ಶ್ ಸರ್ ಅವರನ್ನು ಆಫೀಸಿಗೆ ಕರೆದರು, ಅವರ ಲೈಬ್ರರಿ ಪೀರಿಯಡ್‌ಗೆ ನನ್ನನ್ನು ಕಳಿಸಿದರು. ಮಕ್ಕಳೆಲ್ಲ ತಲೆ ಬಗ್ಗಿಸಿ ಓದುತ್ತಿದ್ದರು. ಅಷ್ಟು ಮೌನ ಆ ಕ್ಲಾಸಿನಲ್ಲಿ ನಾನು ಕಂಡಿರಲಿಲ್ಲ. ನಾನೂ ಒಂದು ಪುಸ್ತಕ ತೆರೆದೆ.

ಯುದ್ಧ ನಡೆಯುತ್ತಿರುವ ಊರು. ‘ಅಪ್ಪ ಎಲ್ಲಿ?’ ಎಂದು ಸೈನಿಕರು ಕೇಳುತ್ತಾರೆ. ಅಪ್ಪ ಬೈದನೆಂದು ಮುನಿಸಿಕೊಂಡಿದ್ದ ಪುಟ್ಟ ಹುಡುಗಿ ಅಟ್ಟದ ಕಡೆ ಬೆರಳು ತೋರಿಸುತ್ತಾಳೆ. ಮುಂದಿನ ಪುಟ ಪೂರ್ತಿ ಕಪ್ಪು.

“ಟೀಚರ್, ಇಲ್ಲಿ ಚಿತ್ರ ಯಾಕಿಲ್ಲ?” ಮುಂದಿನ ಬೆಂಚಿನವಳು ಕೇಳಿದಳು.

ಚೀಟಿ ಬರೆದ ನನ್ನ ಬೆರಳು ಆ ಕಪ್ಪು ಪುಟದ ಮೇಲೇ ಇತ್ತು.

ಅಷ್ಟರಲ್ಲಿ ಅಟೆಂಡರ್ ಖಾಲಿ ರಟ್ಟಿನ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. “ಪುಸ್ತಕ ಎಲ್ಲಾ ಇದಕ್ಕೆ ಹಾಕ್ಬೇಕಂತೆ. ಸರ್‌ಗೂ ಇವತ್ತೇ ಕೊನೆ ಅಂತಿದ್ರು.”

ಓಡಿದೆ. ಆಫೀಸಿನ ಹೊರಗಿನ ಬೆಂಚಿನಲ್ಲಿ ಅವರೊಬ್ಬರೇ ಕೂತಿದ್ದರು. ಒಳಗೆ ಮಂಡಳಿಯವರ ದನಿ ಏರುತ್ತಿತ್ತು.

“ಆ ಚೀಟಿ...” ಎಂದೆ.

“ಗೊತ್ತು, ಒಳಗೆ ತೋರಿಸಿದ್ರು. ಮೂರು ವರ್ಷದಿಂದ ನನ್ನ ರಿಜಿಸ್ಟರಲ್ಲಿ ನಿಮ್ಮ ಅಕ್ಷರ ನೋಡ್ತಿದ್ದೀನಿ. ಬೇಜಾರಾದಾಗೆಲ್ಲ ತೆಗೆದು ನೋಡ್ತೀನಿ.”

“ಮತ್ತೆ ಅವರಿಗೆ ಹೇಳ್ಲಿಲ್ವಾ?”

ಅವರು ತುಟಿಗೆ ಬೆರಳಿಟ್ಟರು. “ಶ್.”

ಆ ಬೆರಳನ್ನು ಹಿಡಿದುಕೊಂಡೆ. ಅಳು ಬಂತು. “ನೀವಂದ್ರೆ ನನಗೆ ಪ್ರಾಣ. ಅದನ್ನ ಹೇಳೋಕೆ ಬಾಯಿ ಬರ್ಲಿಲ್ಲ, ಹಾಳು ಮಾಡೋಕೆ ಮಾತ್ರ ಕೈ ಬಂತು.”

“ಒಳಗೆ ಹೋಗಿ ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ.”

“ಹೋಗ್ಲಿ.”

ಬಾಗಿಲು ತೆರೆಯಿತು. ಅವರನ್ನು ಕರೆದರು.

ನಾನು ಮೊದಲು ಒಳಗೆ ಹೋದೆ.