ಬಂಡೆ ಬಿಲ್ಲೆ

“ಅಲ್ಲಿ ಇಡಂಗಿಲ್ಲ ಕಣೆ!” ರೇವಂತ್ ಬಿಂದುಶ್ರೀಯ ಕೈಯನ್ನು ಪಕ್ಕಕ್ಕೆ ಸರಿಸಿದ. “ನೋಡು, ದಾರಿ ಬಂದು ಸೀದಾ ಕಾಲುವೆ ಒಳಕ್ಕೆ ಬೀಳ್ತಾ ಐತೆ. ಮ್ಯಾಚ್ ಆಗ್ಬೇಕು ಅಂತ ಎಷ್ಟು ಸಲ ಹೇಳೋದು?”

ಬಿಂದು ಕೈಯಲ್ಲಿದ್ದ ಚೌಕದ ಬಿಲ್ಲೆಯನ್ನು ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು. ಒಂದು ಅಂಚು ಸರಿಹೋದರೆ ಇನ್ನೊಂದು ತಪ್ಪುತ್ತಿತ್ತು.

“ಬುಡು ರೇವಂತ, ಅವಳ ಬಸ್ಸು ಆಗ್ಲೇ ನೀರಿಗೆ ಬಿದ್ದೈತೆ,” ಎಂದು ಎದುರಿಗೆ ಕೂತಿದ್ದ ಅಶ್ವಿನಿ ಕಿಸಕ್ಕನೆ ನಕ್ಕಳು.

ಪಂಚಾಯ್ತಿ ಲೈಬ್ರರಿಗೆ ಈ ಆಟದ ಡಬ್ಬ ಬಂದು ಒಂದು ತಿಂಗಳಾಗಿತ್ತು. ಒಳಗೆ ಅರವತ್ತು ದಪ್ಪ ರಟ್ಟಿನ ಬಿಲ್ಲೆಗಳು, ಒಂದು ಬಟ್ಟೆಯ ಚೀಲ, ಯಾವ ಕಾಲುವೆ ಯಾರದು ಎಂಬ ಗುರುತಿಗೆ ಮೂರು ಬಣ್ಣದ ಮಣಿಗಳು. ಹೆಚ್ಚೆಂದರೆ ಮೂರು ಜನ ಆಡಬಹುದು. ಮೂರನೆಯವನಾಗಿದ್ದ ಅನಿಲ್ ಕುಮಾರ್ ಮೊನ್ನೆ ಮಧುಗಿರಿಯ ಹಾಸ್ಟೆಲ್ಲಿಗೆ ಸೇರಿದ್ದರಿಂದ ಒಂದು ಕುರ್ಚಿ ಖಾಲಿಯಾಗಿತ್ತು. ಆ ಕುರ್ಚಿಯ ಮೇಲೆ ಕಣ್ಣಿಟ್ಟು ಬಿಂದು ದಿನಾ ಕಪಾಟಿನ ಪಕ್ಕ ನಿಂತು, ಪುಸ್ತಕ ಹುಡುಕುವವಳಂತೆ ಆಟ ನೋಡುತ್ತಿದ್ದಳು. ಇವತ್ತು ಕೂತಿದ್ದೂ ಆಯಿತು, ಕೆಟ್ಟದಾಗಿ ಆಡಿದ್ದೂ ಆಯಿತು.

“ಬೇಜಾರ್ ಮಾಡ್ಕೋಬೇಡ,” ಎಂದ ರೇವಂತ್. “ಶನಿವಾರದೊಳಗೆ ಕಲ್ತ್ಕೊಂಡು ಬಾ. ಇಲ್ಲಾಂದ್ರೆ ಮುತ್ತುರಾಜನ್ನ ಸೇರಿಸ್ಕೊತೀವಿ. ಅವನು ಕೇಳ್ತಾನೇ ಅವ್ನೆ.”

ಬಿಂದು ಕೈಯಲ್ಲಿದ್ದ ಬಿಲ್ಲೆಯನ್ನು ಚೀಲಕ್ಕೆ ಹಾಕಿದಳು. ಅವಳಿಗೆ ಉತ್ತರಗಳು ತಡವಾಗಿ ಹೊಳೆಯುತ್ತಿದ್ದವು. ಹೆಚ್ಚಾಗಿ ಮನೆಗೆ ಹೋಗಿ ತಟ್ಟೆ ತೊಳೆಯುವಾಗ.

ಎಲ್ಲರೂ ಹೋದ ಮೇಲೆ ಅವಳು ಲೈಬ್ರರಿಯ ಮಂಗಳಾ ಮಿಸ್ಸಿನ ಮೇಜಿನ ಮುಂದೆ ನಿಂತಳು. ಕೇಳುವಷ್ಟರಲ್ಲಿ ಮಿಸ್ಸೇ ಡಬ್ಬವನ್ನು ಅವಳ ಕಡೆ ತಳ್ಳಿದರು. “ತಗೊಂಡು ಹೋಗು. ಶನಿವಾರ ಮಧ್ಯಾಹ್ನ ತರ್ಬೇಕು. ಒಂದು ಬಿಲ್ಲೇನೂ ಕಳೀಬಾರ್ದು ಕಣಮ್ಮ.”

ಅಮ್ಮ ಮಧುಗಿರಿಯ ಜೆರಾಕ್ಸ್ ಅಂಗಡಿಯಿಂದ ಬರುವುದು ಏಳು ಗಂಟೆಯ ಬಸ್ಸಿಗೆ. ಅಲ್ಲಿಯವರೆಗೆ ಮನೆಯಲ್ಲಿ ತಾತ ದೊಡ್ಡಹನುಮಯ್ಯ ಒಬ್ಬನೇ. ಬಿಂದು ಜಗಲಿಯ ಮೇಲೆ ಬಿಲ್ಲೆಗಳನ್ನು ಸುರಿದಳು.

“ತಾತ, ಆಡ್ತೀಯಾ?”

“ಏನವ್ವ ಇದು, ಬಿಸ್ಕತ್ತಾ?”

“ಊರು ಕಟ್ಟೋ ಆಟ. ಚೀಲದಿಂದ ಒಂದೊಂದೇ ಬಿಲ್ಲೆ ತೆಗೀಬೇಕು. ಕಾಲುವೆ ಪಕ್ಕ ಕಾಲುವೆ, ದಾರಿ ಪಕ್ಕ ದಾರಿ ಬರಂಗೆ ಜೋಡಿಸ್ಬೇಕು. ಕೆರೆಯಿಂದ ಕಾಲುವೆ ಹೊರಟು ಗದ್ದೆ ಮುಟ್ಟಿದ್ರೆ, ಎಷ್ಟು ಬಿಲ್ಲೆ ಐತೋ ಅಷ್ಟು ಪಾಯಿಂಟು. ಮುಟ್ಟದೇ ಇದ್ರೆ ಸೊನ್ನೆ.”

ತಾತ ಒಂದು ಬಿಲ್ಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಅವನು ಊರಿನ ನೀರಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿ ಬಿಡುವ ಕೆಲಸ ಅವನದು. ಈಗ ಬೋರ್‌ವೆಲ್ ಇಲ್ಲದ ಹೊಲವೇ ಕಡಿಮೆ. ಆದರೂ ಕೆರೆ ತುಂಬಿದ ವರ್ಷ ಅವನು ದಿನಾ ಸಂಜೆ ಗುದ್ದಲಿ ಹೊತ್ತು ಕಾಲುವೆಯ ಉದ್ದಕ್ಕೂ ನಡೆಯುತ್ತಿದ್ದ. ಈ ವರ್ಷ ಕೆರೆ ತುಂಬಿತ್ತು.

“ನಮ್ಮ ಕೆಲಸಾನೇ ಆಟ ಮಾಡ್ಬುಟ್ಟವ್ರೆ!” ಎಂದು ನಕ್ಕು ಅವನು ಕಾಲು ಮಡಿಸಿ ಕೂತ.

ತಾತ ಆಡುವ ರೀತಿಯೇ ಬೇರೆ. ಪ್ರತಿ ಸಲ ಬಿಲ್ಲೆ ತೆಗೆದಾಗಲೂ ಎದ್ದು ಜಗಲಿಯ ಆಚೆ ಬದಿಗೆ ಹೋಗಿ, ಅಲ್ಲಿಂದ ನೋಡಿ, ಮತ್ತೆ ಬಂದು ಕೂರುತ್ತಿದ್ದ.

“ಕೂತೇ ಆಡು ತಾತ. ಲೇಟಾಯ್ತದೆ.”

“ಕೊನೇಲಿ ನಿಂತು ನೋಡಿದ್ರೇ ಗೊತ್ತಾಗೋದು ಕೂಸೇ. ನಾನು ನೀರು ಬುಡೋದೂ ಅಂಗೇ. ಮೊದ್ಲು ಕೊನೆ ಗದ್ದೆ, ಆಮೇಲೆ ಮ್ಯಾಲಕ್ಕೆ ಬರೋದು. ಮ್ಯಾಗಳವ್ರಿಗೆ ಮೊದ್ಲು ಬುಟ್ರೆ ಕೆಳಗೆ ಏನೂ ಉಳಿಯಾಕಿಲ್ಲ.”

ಬಿಂದುವೂ ಒಂದೆರಡು ಸಲ ಎದ್ದು ಹೋಗಿ ನೋಡಿದಳು. ಆ ಕಡೆಯಿಂದ ನೋಡಿದರೆ, ಎಲ್ಲಿಯೂ ಹೊಂದದು ಎಂದುಕೊಂಡಿದ್ದ ಬಿಲ್ಲೆಗೂ ಜಾಗ ಕಾಣುತ್ತಿತ್ತು. ಕತ್ತಲಾಗುವಷ್ಟರಲ್ಲಿ ಅವಳಿಗೆ ಅಂಚುಗಳ ಲೆಕ್ಕ ಸಿಕ್ಕಿತ್ತು.

ತೊಂದರೆ ಬಂದಿದ್ದು ಶುಕ್ರವಾರ.

ಚೀಲದಲ್ಲಿ ಆರು ಬಂಡೆ ಬಿಲ್ಲೆಗಳಿದ್ದವು. ಬಂಡೆಗೆ ಅಂಚಿನ ನಿಯಮವಿಲ್ಲ. ಎಲ್ಲಿ ಬೇಕಾದರೂ ಇಡಬಹುದು. ಕಾಲುವೆಯ ಮುಂದೆ ಇಟ್ಟರೆ ಕಾಲುವೆ ಅಲ್ಲಿಗೇ ನಿಂತಿತು, ಅದರ ಪಾಯಿಂಟೂ ಹೋಯಿತು. ರೇವಂತ್ ಬಂಡೆ ಸಿಕ್ಕಿದ ತಕ್ಷಣ “ಢಂ!” ಎಂದು ಬೇರೆಯವರ ಕಾಲುವೆಗೆ ಇಡುತ್ತಿದ್ದ. ತಾತ ಮಾತ್ರ ಪ್ರತಿ ಬಂಡೆಯನ್ನೂ ಯಾರ ಗೊಡವೆಯೂ ಇಲ್ಲದ ಮೂಲೆಗೆ ಹಾಕುತ್ತಿದ್ದ. ಬಿಂದು ನಾಲ್ಕು ಆಟ ಗೆದ್ದಳು. ಐದನೆಯ ಆಟದಲ್ಲೂ ಅವನು ಬಂಡೆಯನ್ನು ಮೂಲೆಗೆ ಇಟ್ಟ.

“ಅಲ್ಲಲ್ಲ ತಾತ! ನನ್ನ ಕಾಲುವೆಗೆ ಇಡು. ಆಗ ನೀನು ಗೆಲ್ತೀಯ.”

“ನೀರು ಹೋಗೋ ದಾರೀಲಿ ಬಂಡೆ ಇಡು ಅಂತೀಯಲ್ಲವ್ವ! ಈ ಕೈಲಿ ಅದಾಗಾಕಿಲ್ಲ.”

“ಇದು ಬರೀ ರಟ್ಟು!”

“ರಟ್ಟಾದ್ರೂ ಅಷ್ಟೇಯ.”

“ನಿನಗೆ ಆಟಾನೇ ಬರಲ್ಲ!” ಬಿಂದುವಿನ ದನಿ ಏರಿತು. “ನಿನ್ನ ಜೊತೆ ಆಡಿದ್ರೆ ನಾನೂ ಇಂಗೇ ಪೆದ್ದಿ ಆಗ್ತೀನಿ. ನಾಳೆ ಅವರು ನನ್ನ ಸೇರಿಸ್ಕೊಳ್ಳಲ್ಲ. ಎಲ್ಲಾ ನಿನ್ನಿಂದ!”

ತಾತ ಕೈಯಲ್ಲಿದ್ದ ಮಣಿಯನ್ನು ಮೆಲ್ಲಗೆ ಡಬ್ಬಕ್ಕೆ ಹಾಕಿದ. “ಕಾಲುವೆ ನೋಡ್ಕೊಂಡು ಬತ್ತೀನಿ,” ಎಂದು ಗುದ್ದಲಿ ಹೆಗಲಿಗೇರಿಸಿ ಹೊರಟ. ಬಿಂದು ಒಬ್ಬಳೇ ಬಿಲ್ಲೆಗಳನ್ನು ಎಣಿಸಿ ಚೀಲಕ್ಕೆ ತುಂಬಿದಳು. ಅರವತ್ತೂ ಇದ್ದವು.

ಶನಿವಾರ ಅವಳು ಮೂರನೇ ಕುರ್ಚಿಯಲ್ಲಿ ಕೂತಳು. ಕಪಾಟಿನ ಪಕ್ಕ ಈಗ ಮುತ್ತುರಾಜ್ ನಿಂತಿದ್ದ.

ಶುರುವಿನಲ್ಲೇ ರೇವಂತ್ ಅವಳ ಪುಟ್ಟ ಕಾಲುವೆಗೆ ಬಂಡೆ ಇಟ್ಟ. “ಢಂ!”

ಬಿಂದು ತುಟಿ ಕಚ್ಚಿ ಇನ್ನೊಂದು ಕಾಲುವೆ ಶುರು ಮಾಡಿದಳು. ಅರ್ಧ ಆಟವಾದಾಗ ಅವಳಿಗೆ ವಿಚಿತ್ರವಾದ ಬಿಲ್ಲೆಯೊಂದು ಸಿಕ್ಕಿತು. ಎರಡು ಬದಿ ದಾರಿ, ಒಂದು ಬದಿ ಕಾಲುವೆ, ಒಂದು ಬದಿ ಗದ್ದೆ.

“ಅದು ಎಲ್ಲೂ ಕೂರಲ್ಲ. ಸ್ಕಿಪ್ ಮಾಡು,” ಎಂದ ರೇವಂತ್.

ಬಿಂದು ಎದ್ದಳು. ಟೇಬಲ್ ಸುತ್ತಿ ಅಶ್ವಿನಿಯ ಬೆನ್ನ ಹಿಂದೆ ಹೋಗಿ ನಿಂತಳು.

“ಏನೇ, ಎಲ್ಲಿಗೆ ಹೊರಟೆ?” ಅಶ್ವಿನಿ ಕತ್ತು ತಿರುಗಿಸಿದಳು.

ಬಿಂದು ಬಗ್ಗಿ ಬಿಲ್ಲೆಯನ್ನು ಇಟ್ಟಳು. ನಾಲ್ಕೂ ಅಂಚು ಸರಿಯಾಗಿ ಕೂತವು. ಅವಳ ಕಾಲುವೆ ಗದ್ದೆ ಮುಟ್ಟಿತು. ಆರು ಪಾಯಿಂಟು.

“ಲೇ, ಕಲ್ತ್ಬುಟ್ಟವ್ಳೆ!” ರೇವಂತ್ ತನ್ನ ಹಣೆಗೆ ತಾನೇ ಹೊಡೆದುಕೊಂಡ.

ಆಮೇಲೆ ಆಟ ಬಿರುಸಾಯಿತು. ಕೊನೆಗೆ ಚೀಲದಲ್ಲಿ ಎರಡೇ ಬಿಲ್ಲೆ ಉಳಿದವು. ಬಿಂದುವಿಗೆ ಹದಿನಾಲ್ಕು, ರೇವಂತನಿಗೆ ಹದಿಮೂರು, ಅಶ್ವಿನಿಗೆ ಒಂಬತ್ತು. ಆದರೆ ಅಶ್ವಿನಿಯ ಏಳು ಬಿಲ್ಲೆಯ ಉದ್ದನೆಯ ಕಾಲುವೆ ಟೇಬಲ್ಲಿನ ಆಚೆ ತುದಿಯವರೆಗೆ ಬಂದು ಗದ್ದೆಗಾಗಿ ಕಾಯುತ್ತಿತ್ತು. ಒಂದು ಗದ್ದೆ ಸಿಕ್ಕಿದರೆ ಅವಳೇ ಫಸ್ಟ್.

ಬಿಂದು ಚೀಲಕ್ಕೆ ಕೈ ಹಾಕಿದಳು. ಬಂಡೆ.

ರೇವಂತ್ ಹುಬ್ಬು ಹಾರಿಸಿದ. ಬಿಂದು ಕುರ್ಚಿಯಿಂದ ಏಳಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ ಬಂಡೆಯನ್ನು ಅಶ್ವಿನಿಯ ಕಾಲುವೆಯ ಬಾಯಿಗೆ ಇಟ್ಟಳು.

ಅಶ್ವಿನಿ ಕೊನೆಯ ಬಿಲ್ಲೆ ತೆಗೆದಳು. ಗದ್ದೆ. ಅದನ್ನು ಸ್ವಲ್ಪ ಹೊತ್ತು ಬೆರಳುಗಳ ನಡುವೆ ಹಿಡಿದುಕೊಂಡೇ ಇದ್ದಳು. ಆಮೇಲೆ “ಸರಿ ಬುಡು,” ಎಂದು ಟೇಬಲ್ ಮೇಲೆ ಎಸೆದಳು.

“ಒಂದು ಪಾಯಿಂಟಲ್ಲಿ ಬಿಂದು ಗೆದ್ಲು!” ಎಂದು ರೇವಂತ್ ಕೂಗಿದ. “ಇವಳೇ ನಮ್ಮ ಥರ್ಡ್ ಪ್ಲೇಯರ್. ಮುತ್ತುರಾಜ, ನೀನು ಕೇರಂ ಆಡ್ಕೊ ಹೋಗಪ್ಪ.”

ಕುರ್ಚಿ ಅವಳದಾಯಿತು. ಮನೆಗೆ ಓಡುತ್ತ ಹೋಗಬೇಕು ಅನ್ನಿಸಬೇಕಿತ್ತು. ಅವಳು ನಡೆದುಕೊಂಡೇ ಹೋದಳು.

ತಾತ ಗುದ್ದಲಿ ಹಿಡಿದು ಹೊರಡುತ್ತಿದ್ದ. “ಆಡ್ಸಿದ್ರಾ?”

“ಗೆದ್ದೆ.”

“ಭೇಷ್!” ತಾತನ ಮುಖ ಅರಳಿತು. ನಿನ್ನೆಯ ಮಾತು ಅವನಿಗೆ ಮರೆತೇ ಹೋದಂತಿತ್ತು. “ಎಲ್ಲಾರ ಗದ್ದೆಗೂ ನೀರು ಹೋಯ್ತಾ?”

“ನಂದು ಹೋಯ್ತು,” ಎಂದಳು ಬಿಂದು.

ತಾತ ತಲೆಯಾಡಿಸಿ ಬೀದಿಗಿಳಿದ. ಬಿಂದು ಒಂದು ಕ್ಷಣ ನಿಂತಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ಹೊರಟಳು. ಕಾಲುವೆಯ ಹುಣಸೆಮರದವರೆಗೆ ಅವಳು ಎಷ್ಟೋ ಸಲ ಹೋಗಿದ್ದಳು. ಅದರಾಚೆ ಹೋಗಿರಲಿಲ್ಲ.

ಮರ ದಾಟಿದ ಮೇಲೆ ಕಾಲುವೆ ಬಲಕ್ಕೆ ತಿರುಗುತ್ತಿತ್ತು. ತಿರುವಿನಲ್ಲಿ ಯಾರೋ ಒಂದು ದಪ್ಪ ಕಲ್ಲನ್ನು ಅಡ್ಡವಿಟ್ಟು, ಗೊಬ್ಬರದ ಖಾಲಿ ಚೀಲ ತುರುಕಿ, ನೀರನ್ನೆಲ್ಲ ತಮ್ಮ ಗದ್ದೆಯ ಕಡೆ ತಿರುಗಿಸಿಕೊಂಡಿದ್ದರು. ತಾತ ಕಾಲುವೆಗಿಳಿದು ಕಲ್ಲನ್ನು ಉರುಳಿಸಿದ.

“ಯಾರು ತಾತ ಇಟ್ಟಿದ್ದು?”

“ಯಾರೋ ಇಟ್ಟವ್ರೆ. ಕೆಟ್ಟೋರೇನಲ್ಲ. ಇಲ್ಲಿ ನಿಂತೋರಿಗೆ ಕೊನೆ ಗದ್ದೆ ಕಾಣಾಕಿಲ್ಲ, ಅಷ್ಟೇಯ.”

ಕೊನೆಯ ಗದ್ದೆ ರಂಗಕ್ಕನದು. ನೀರು ನಿಧಾನವಾಗಿ ಬರುತ್ತಿದ್ದರಿಂದ ಇವರೇ ಮೊದಲು ಅಲ್ಲಿಗೆ ತಲುಪಿದರು. ರಂಗಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಬದುವಿನ ಮೇಲೆ ಕೂತಿದ್ದಳು.

“ಬೆಳಿಗ್ಗೆಯಿಂದ ಕಾಯ್ತಾ ಇವ್ನಿ ಹನುಮಣ್ಣ. ಯಾಕ್ ನಿಂತೋಯ್ತೋ ಏನೋ, ಒಂದು ಹನೀನೂ ಇಲ್ಲ.” ಆಮೇಲೆ ಬಿಂದುವನ್ನು ನೋಡಿ, “ಯಾರು, ಮೊಮ್ಮಗಳಾ? ಏನವ್ವ, ನೀನೂ ನೀರಗಂಟಿ ಆದ್ಯಾ?” ಎಂದಳು.

ಬಿಂದು ನಾಚಿ ಪಕ್ಕಕ್ಕೆ ಸರಿದು ಒಣ ಕಾಲುವೆಯೊಳಗೆ ನಿಂತಳು. ತಾವು ಬಂದ ದಾರಿಯನ್ನು ತಿರುಗಿ ನೋಡಿದಳು. ಇಲ್ಲಿಂದ ಕೆರೆ ಕಾಣುತ್ತಿರಲಿಲ್ಲ. ಹುಣಸೆಮರದ ತಲೆ ಮಾತ್ರ ಕಾಣುತ್ತಿತ್ತು. ಆ ಕಲ್ಲು ಎಲ್ಲಿತ್ತು ಎಂದು ಹೇಳುವುದೂ ಕಷ್ಟ. ಎದುರಿಗೆ ಇದ್ದಿದ್ದು ಬಿರುಕು ಬಿಟ್ಟ ಖಾಲಿ ಕಾಲುವೆ, ಅಷ್ಟೇ.

ಅಶ್ವಿನಿ ಬೆರಳುಗಳ ನಡುವೆ ಹಿಡಿದುಕೊಂಡಿದ್ದ ಗದ್ದೆಯ ಬಿಲ್ಲೆ ಅವಳಿಗೆ ನೆನಪಾಯಿತು. ತನ್ನ ಬಿಲ್ಲೆ ಕೂರಿಸಲು ತಾನು ಅಶ್ವಿನಿಯ ಬೆನ್ನ ಹಿಂದಿನವರೆಗೂ ಹೋಗಿದ್ದಳು. ಬಂಡೆ ಇಡುವಾಗ ಕುರ್ಚಿಯಿಂದ ಎದ್ದೇ ಇರಲಿಲ್ಲ.

“ತಾತ,” ಎಂದಳು. ಮುಂದಿನ ಮಾತು ಎಂದಿನಂತೆ ತಡವಾಗಿಯೇ ಹೊಳೆಯಿತು. “ನಿನಗೆ ಆಟ ಬತ್ತದೆ.”

“ಹೂಂ?” ಗುದ್ದಲಿಯಲ್ಲಿ ಮಣ್ಣು ಎಳೆಯುತ್ತಿದ್ದ ತಾತನಿಗೆ ಸರಿಯಾಗಿ ಕೇಳಿಸಲಿಲ್ಲ. “ಕಾಲು ನೋಡ್ಕೊ, ಬಂತು.”

ಹುಲ್ಲುಕಡ್ಡಿ, ಒಣಗಿದೆಲೆಗಳನ್ನು ತಳ್ಳಿಕೊಂಡು ನೀರು ಬೆರಳಷ್ಟು ಎತ್ತರಕ್ಕೆ ಬರುತ್ತಿತ್ತು. ಬಿರುಕುಗಳನ್ನು ಒಂದೊಂದಾಗಿ ತುಂಬಿಸಿ ಬಿಂದುವಿನ ಚಪ್ಪಲಿಯ ತುದಿಯವರೆಗೆ ಬಂದು, ಅಲ್ಲಿ ತಡೆದು, ಎರಡು ಕವಲಾಗಲು ನೋಡಿತು.

ಬಿಂದು ಕಾಲನ್ನು ಪಕ್ಕಕ್ಕೆ ಎತ್ತಿಟ್ಟಳು.