ಮೀನೆಣ್ಣೆ ಹಚ್ಚಿದ ಕಯಾಕ್

ಎರಡು ದೊಡ್ಡ ಚೀಲ ಹೊತ್ತು ಕಿಟ್ಟು ನಮ್ಮ ಅಂಗಳಕ್ಕೆ ಬಂದಾಗ, ನನ್ನನ್ನು ಓಡಿಸಿಕೊಂಡು ಹೋಗಲೆಂದೇ ಬಂದಿದ್ದಾನೆ ಅಂದುಕೊಂಡೆ. ಯಾವ ಸೀರೆ ತೆಗೆದುಕೊಳ್ಳಲಿ ಎಂದು ಯೋಚಿಸಿದ್ದೂ ಸುಳ್ಳಲ್ಲ.

"ಎಂಥ ಮಾರಾಯ್ರೇ, ಅಪ್ಪ ಒಳಗೇ ಇದ್ದಾರೆ!"

"ಅವರಿಗೆ ತೋರಿಸೋಕೇ ತಂದಿದ್ದು ರಾಜೀವಿ," ಎಂದು ಚೀಲ ಬಿಚ್ಚಿದ. ಒಳಗೆ ಮರದ ಪಟ್ಟಿಗಳು, ದಪ್ಪನೆಯ ರಬ್ಬರ್ ಬಟ್ಟೆ. "ಕಯಾಕ್ ಕಣ್ರೀ. ಊರಿಗೆ ಹೊರಟ ಜರ್ಮನ್ ಸಾಹೇಬ್ರ ಹತ್ರ ಕೊಂಡೆ. ಜೋಡಿಸಿದ್ರೆ ದೋಣಿ, ಮಡಚಿದ್ರೆ ಲೋಕಲ್ ರೈಲಿನಲ್ಲಿ ತರಬಹುದು."

ನನಗೆ ಸಿಟ್ಟೇ ಬಂತು. ಬಟ್ಟೆಯ ದೋಣಿಯಂತೆ!

ಅದು ಐವತ್ತೇಳರ ಜನವರಿ. ಕಿಟ್ಟು ಮೈಸೂರಿನವನು, ವಿಲೆ ಪಾರ್ಲೆಯ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ನಾವು ಮಲ್ಪೆ ಕಡೆಯ ಮೊಗವೀರರು. ಅಪ್ಪ ಚೆನ್ನಯ ವರ್ಸೋವಾದಲ್ಲಿ ಮೀನಿನ ದೋಣಿ ನಡೆಸುತ್ತಿದ್ದರು. ಮದುವೆಯ ಮಾತೆತ್ತಿದ ಕಿಟ್ಟುವಿಗೆ ಅಪ್ಪ ಹೇಳಿದ್ದಿಷ್ಟೇ: "ಕಡಲಿಗೆ ಹೆದರುವವರಿಗೆ ಮಗಳನ್ನು ಕೊಡುವುದಿಲ್ಲ. ನಿಮ್ಮದೇ ದೋಣಿಯಲ್ಲಿ ಖಾಡಿ ದಾಟಿ, ಎದುರು ದಡದ ಮಢ್ ಮುಟ್ಟಿ ಬನ್ನಿ. ಆಮೇಲೆ ಮಾತು."

ಭಾನುವಾರ ಹೋಗುವುದೆಂದಾಯಿತು. ಕಿಟ್ಟು ಕಯಾಕ್ ಜೋಡಿಸಿ ನಮ್ಮ ಚಪ್ಪರದಡಿ ಇಟ್ಟು ಹೋದ. ಮರುದಿನ ಮಧ್ಯಾಹ್ನ ಯಾರೂ ಇಲ್ಲದಾಗ ಅದರ ತಳ ಮುಟ್ಟಿ ನೋಡಿದೆ. ಒಂದು ಕಡೆ ಹಳೆಯ ತೇಪೆಯಿತ್ತು. ನಮ್ಮ ಮನೆಯಲ್ಲಿ ಹೊಸ ದೋಣಿ ನೀರಿಗಿಳಿಯುವ ಮೊದಲು ಹೆಂಗಸರು ತಳಕ್ಕೆ ಮೀನೆಣ್ಣೆ ಉಜ್ಜುತ್ತೇವೆ. ಅದು ಮನೆಯ ದೋಣಿಗೆ ಮಾತ್ರ; ಬೇರೆಯವರದಕ್ಕೆ ಕೈ ಹಚ್ಚುವುದಿಲ್ಲ. ಆಚೀಚೆ ನೋಡಿದೆ. ಕೆನ್ನೆ ಬಿಸಿಯಾದರೂ ಹಚ್ಚಿಯೇ ಬಿಟ್ಟೆ.

ಭಾನುವಾರ ಬೆಳಿಗ್ಗೆ ದಡದ ತುಂಬ ಜನ. ಕಯಾಕಿನ ಹಿಂದಿನ ಸೀಟಿನಲ್ಲಿ ಕಿಟ್ಟು ಕೂತಿದ್ದ. ಮುಂದಿನದು ಖಾಲಿ.

"ಎರಡು ಸೀಟಿನದ್ದು ಯಾಕೆ ತಂದದ್ದು?" ಮೆಲ್ಲಗೆ ಕೇಳಿದೆ.

"ಯಾಕೆ ಅಂತ ನಿಮಗೆ ಗೊತ್ತಿಲ್ವಾ?" ಕಣ್ಣಂಚಿನಲ್ಲೇ ನಕ್ಕ. ಆ ನಗು ನನ್ನ ಕಿವಿಯ ಓಲೆಯ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. "ಉಪ್ಪುನೀರಿಗೆಲ್ಲ ಇದು ಜಗ್ಗಲ್ಲ ರೀ. ಎಣ್ಣೆ ಮಾತ್ರ ತಾಗಬಾರದು ಅಂದ್ರು ಸಾಹೇಬ್ರು. ತೇಪೆಯ ಅಂಟು ಬಿಟ್ಟುಬಿಡುತ್ತಂತೆ."

ಆ ತೇಪೆಯ ಮೇಲೂ ಎಣ್ಣೆ ಉಜ್ಜಿದ್ದೆ. ಪಕ್ಕದಲ್ಲೇ ಅಪ್ಪ. ಎಣ್ಣೆ ಹಚ್ಚಿದೆ ಅಂದರೆ, ಇಡೀ ದಡದ ಮುಂದೆ ಇವನು ನನ್ನವನು ಅಂದಂತೆ. ಅಷ್ಟರಲ್ಲಿ ಕಿಟ್ಟು ಹುಟ್ಟು ಎತ್ತಿದ.

ಸೀರೆ ಎತ್ತಿಕಟ್ಟಿ ನೀರಿಗೆ ನುಗ್ಗಿ ಮುಂದಿನ ಸೀಟಿಗೆ ಹತ್ತಿದೆ. ಕಯಾಕ್ ಮಗುಚುವಷ್ಟು ವಾಲಿತು. ಹಿಂದಿನಿಂದ ಅಪ್ಪ ಕೂಗಿದರು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ಎಂಥ ಚುರುಕು ಅದಕ್ಕೆ! ನಮ್ಮ ದೋಣಿ ಅಲೆಯನ್ನು ಸೀಳಿ ಹೋದರೆ, ಇದು ಅಲೆ ಎತ್ತಿದಲ್ಲೆಲ್ಲ ಏಳುತ್ತಿತ್ತು. ಗಾಳಿ ಬಂದರೆ ಮೂತಿ ಒಂದು ಕಡೆಗೆ ತಿರುಗುತ್ತಿತ್ತು.

"ಅಲೆಗೆ ಪಕ್ಕ ಕೊಡಬೇಡಿ, ಮುಖ ಕೊಡಿ!"

"ಕೊಟ್ಟೆ ಕಣ್ರೀ!" ಅವನು ಕಾಲಿನಿಂದ ಚುಕ್ಕಾಣಿ ಒತ್ತಿದ. ಮೂತಿ ನೆಟ್ಟಗಾಯಿತು.

ಖಾಡಿಯ ನಡುವೆ ನನ್ನ ಪಾದ ತಣ್ಣಗಾಯಿತು. ತೇಪೆ ಬಿಟ್ಟಿತ್ತು. ಸೆರಗನ್ನು ಉಂಡೆ ಮಾಡಿ ತೂತಿಗೆ ತುರುಕಿ ಹಿಮ್ಮಡಿಯಿಂದ ಒತ್ತಿದೆ.

"ಕಿಟ್ಟು, ನನ್ನಿಂದಲೇ ಆದದ್ದು ಇದು. ಮೀನೆಣ್ಣೆ ಹಚ್ಚಿದೆ."

"ಅಯ್ಯೋ! ಯಾಕ್ರೀ?"

"ನಮ್ಮಲ್ಲಿ ಮನೆಯ ದೋಣಿಗೆ ಮಾತ್ರ ಹಚ್ಚುವುದು," ಅಂದೆ. ಅಳು ಬಂತು. "ಬೇರೆಯವರದಕ್ಕೆ ಹಚ್ಚುವುದಿಲ್ಲ."

ಹಿಂದೆ ಹುಟ್ಟಿನ ಸದ್ದು ನಿಂತಿತು. ನೀರು ಕಣಕಾಲಿಗೆ ಬಂದಿತ್ತು. ಎದುರಿಗೆ ಮಢ್ ಕಾಣುತ್ತಿತ್ತು, ಇನ್ನರ್ಧ ದಾರಿ.

ಕಿಟ್ಟು ಕಯಾಕನ್ನು ವರ್ಸೋವಾದ ಕಡೆಗೆ ತಿರುಗಿಸಿದ.

"ಮಢ್ ಮುಟ್ಟದಿದ್ದರೆ ಅಪ್ಪ ಒಪ್ಪುವುದಿಲ್ಲ ಮಾರಾಯ್ರೇ!"

"ನೀವಿದ್ದೀರಲ್ಲ ಇದರಲ್ಲಿ. ನೀರು ತೋಡಿ ರಾಜೀವಿ, ಮಾತಾಡಬೇಡಿ."

ಬೊಗಸೆಯಲ್ಲಿ ತೋಡುತ್ತಲೇ ಇದ್ದೆ. ಅವನ ಏದುಸಿರು ನನ್ನ ಬೆನ್ನಿಗೆ ತಾಗುತ್ತಿತ್ತು. ದಡ ತಲುಪಿದಾಗ ಕಯಾಕಿನಲ್ಲಿ ಅರ್ಧ ಸಮುದ್ರವೇ ಇತ್ತು.

ಅಪ್ಪ ಮೊಣಕಾಲು ನೀರಿನಲ್ಲಿ ನಿಂತಿದ್ದರು. "ಮಢ್ ಮುಟ್ಟಲಿಲ್ಲ."

"ಇಲ್ಲ ಸರ್," ಕಿಟ್ಟು ತಲೆ ತಗ್ಗಿಸಿದ. "ಹೆದರಿದೆ."

"ಕಡಲಿಗಾ?"

"ಅಲ್ಲ. ರಾಜೀವಿ ಇದ್ರು."

ಅಪ್ಪ ಬಗ್ಗಿ ತಳಕ್ಕೆ ಕೈ ಹಾಕಿ ಸವರಿದರು. ಬೆರಳು ಮೂಗಿಗೆ ಹಿಡಿದರು. ಆ ವಾಸನೆ ಅವರಿಗೆ ಹೇಳಿಕೊಡಬೇಕಿರಲಿಲ್ಲ.

"ಯಾರು ಹಚ್ಚಿದ್ದು?"

"ನಾನು, ಅಪ್ಪ."

"ಗೊತ್ತಿದ್ದೇ ಹಚ್ಚಿದೆಯಾ?"

"ಗೊತ್ತಿದ್ದೇ."

ಅಪ್ಪ ಕಯಾಕಿನ ಮೂತಿ ಹಿಡಿದು ಕಿಟ್ಟುವಿನ ಕಡೆ ತಿರುಗಿದರು.

"ಸುಮ್ಮನೆ ನಿಂತೆಯಲ್ಲ? ಆ ಕಡೆ ಹಿಡಿ. ಮನೆಯ ದೋಣಿಯನ್ನು ಹೀಗೆ ಬಿಸಿಲಿಗೆ ಬಿಡ್ತಾರಾ?"